ಸ್ಪಷ್ಟನೆ: ಆ ಚಿನ್ನ ಒಲಿಂಪಿಕ್ಸ್‌ನದ್ದಲ್ಲ

'ಮಲೇಷ್ಯಾಕ್ಕೆ ಒಲಿಂಪಿಕ್ಸ್ ಚಿನ್ನ ತಂದವರು: ಬ್ಯಾಡ್ಮಿಂಟನ್‌ನ ಲೀ ಚೊಂಗ್ ವೇ, ಸ್ಕ್ವಾಷ್‌ನ ನಿಕೋಲ್ ಡೇವಿಡ್' ಎಂಬ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. 2024ರ ಪ್ಯಾರಿಸ್ ಕೂಟ ಮುಗಿದಾಗಲೂ ಮಲೇಷ್ಯಾದ ಖಾತೆಯಲ್ಲಿ ಒಂದೇ ಒಂದು ಒಲಿಂಪಿಕ್ಸ್ ಚಿನ್ನ ಇರಲಿಲ್ಲ.

ಲೀ ಸತತ ಮೂರು ಫೈನಲ್ ಆಡಿದರು. 2008, 2012, 2016, ಮೂರರಲ್ಲೂ ಬೆಳ್ಳಿ. ಲಂಡನ್‌ನಲ್ಲಂತೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ: ಚೀನಾದ ಲಿನ್ ಡಾನ್ ಎದುರು ಕೊನೆಯ ಗೇಮ್ 19-21. ರಿಯೊ ಸೆಮಿಫೈನಲ್‌ನಲ್ಲಿ ಅದೇ ಲಿನ್ ಡಾನ್‌ರನ್ನು 22-20ರಲ್ಲಿ ಮಣಿಸಿ ಸೇಡು ತೀರಿಸಿಕೊಂಡರೆ, ಫೈನಲ್‌ನಲ್ಲಿ ಚೆನ್ ಲಾಂಗ್ ಅಡ್ಡ ನಿಂತರು.

ನಿಕೋಲ್ ಕಥೆ ಬೇರೆಯೇ. ಎಂಟು ಬಾರಿ ವಿಶ್ವ ಚಾಂಪಿಯನ್, ಆದರೆ ಅವರು ಆಡುತ್ತಿದ್ದಷ್ಟು ಕಾಲ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷೇ ಇರಲಿಲ್ಲ! ಅದು ಸೇರ್ಪಡೆಯಾಗಿರುವುದು 2028ರ ಲಾಸ್ ಏಂಜಲೀಸ್ ಕೂಟಕ್ಕೆ. ಅವರು ನಿವೃತ್ತರಾದದ್ದು 2019ರಲ್ಲಿ.

ಗೊಂದಲದ ಮೂಲ ಬಹುಶಃ ನಮ್ಮ ದೆಹಲಿಯೇ. 2010ರ ಕಾಮನ್‌ವೆಲ್ತ್ ಕೂಟದಲ್ಲಿ ಇಬ್ಬರೂ ಸಿಂಗಲ್ಸ್ ಚಿನ್ನ ಗೆದ್ದಿದ್ದರು. ಇನ್ನು ಪ್ಯಾರಾಲಿಂಪಿಕ್ಸ್ ಲೆಕ್ಕ ಬೇರೆ: 2016ರಲ್ಲಿ ಓಟಗಾರ ರಿದ್ಜುವಾನ್ ಪುಜಿ ಮಲೇಷ್ಯಾಕ್ಕೆ ಮೊದಲ ಚಿನ್ನ ತಂದುಕೊಟ್ಟರು. ಫೋಟೊದಲ್ಲಿ ಅವರ ಹೆಸರೇ ಇಲ್ಲ.