ತಟ್ಟಿದ್ರೆ ಉರಿಯುತ್ತಲ್ಲ, ಇನ್ನೇನು ನಿಂದು?

ನಿನ್ನೆ ರಾತ್ರಿ ಮತ್ತೆ ಅದೇ ಕಥೆ. ಕರೆಂಟ್ ಹೋದಾಗ ಇರ್ಲಿ ಅಂತ ಬ್ಯಾಟರಿಗೆ ಹಾಕಿಟ್ಟಿರೋ 12 ವೋಲ್ಟಿನ ಪುಟ್ಟ ಟ್ಯೂಬ್‌ಲೈಟು, ಒಂದಡಿ ಉದ್ದ, 8 ವ್ಯಾಟು, ಬೇಕಾದಾಗ ಒಂದು ಬಿಟ್ಟು ಮಿಕ್ಕ ಹೊತ್ತಲ್ಲೆಲ್ಲಾ ಚೆನ್ನಾಗೇ ಉರಿಯುತ್ತೆ. ಸ್ವಿಚ್ ಹಾಕಿದೆ, ಎರಡೂ ತುದೀಲಿ ಕೆಂಪಗೆ ಮಿಣುಕ್ ಅಂತು, ಅಷ್ಟೇ. ನಾನು ಸ್ಟೂಲ್ ಎಳ್ಕೊಂಡು, ಟಾರ್ಚ್ ಬಾಯಲ್ಲಿ ಕಚ್ಕೊಂಡು, ಕತ್ತಲಲ್ಲಿ ಸ್ಕ್ರೂಡ್ರೈವರ್ ತಡಕಾಡ್ತಿರೋವಾಗ ಚಿಕ್ಕಪ್ಪ ಬಂದ್ರು. ಲೈಟಿನ ಕೆಳಗೆ ನಿಂತು ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ ನೋಡಿದ್ರು. ಆಮೇಲೆ ಬೆರಳು ಮಡಚಿ, ಟ್ಯೂಬ್ ಕೂರಿಸಿರೋ ಪಟ್ಟಿಗೆ ಎಡಗಡೆ ಒಂದು, ಬಲಗಡೆ ಎರಡು. ಟಕ್. ಟಕ್ ಟಕ್. ಬೆಳ್ಳಗೆ ಹತ್ಕೊಂಡ್ಬಿಡ್ತು!

"ನೋಡ್ದೇನೋ?" ಅಂದ್ರು. ಬಾಯಲ್ಲಿ ಟಾರ್ಚ್ ಇದ್ದಿದ್ರಿಂದ ನಾನು ಏನೂ ಅನ್ನೋಕಾಗ್ಲಿಲ್ಲ.

ನಂಗೆ ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಅದು ಯಾಕೆ ಉರಿಯಿತು ಅಂತ ನಂಗೆ ಗೊತ್ತು. ಒಳಗಿರೋದನ್ನ ಎಲ್ರೂ ಚೋಕ್ ಅಂತಾರೆ, ಆದ್ರೆ ಅದು ದೊಡ್ಡ ಟ್ಯೂಬ್‌ಲೈಟಲ್ಲಿ ಗುಂಯ್ ಅನ್ಕೊಂಡಿರೋ ಆ ಕಬ್ಬಿಣದ ಗಟ್ಟಿ ಅಲ್ಲ, ಒಂದು ಸಣ್ಣ ಸರ್ಕ್ಯೂಟ್ ಬೋರ್ಡು. ಟ್ರಾನ್ಸಿಸ್ಟರು, ಫೆರೈಟ್ ಟ್ರಾನ್ಸ್‌ಫಾರ್ಮರು, ಒಂದೆರಡು ಕೆಪಾಸಿಟರು. ಬ್ಯಾಟರಿಯ 12 ವೋಲ್ಟನ್ನ ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಆನ್ ಆಫ್ ಮಾಡಿ, ಟ್ಯೂಬ್ ಹತ್ತಿಸೋಕೆ ನೂರಾರು ವೋಲ್ಟ್ ಎಬ್ಬಿಸುತ್ತೆ, ಹತ್ತಿದ ಮೇಲೆ ಟ್ಯೂಬಿಗೆ 50 ಚಿಲ್ಲರೆ ವೋಲ್ಟ್ ಸಾಕು. ಆ ಬೋರ್ಡಲ್ಲಿ ಎಲ್ಲಕ್ಕಿಂತ ಭಾರ ಆ ಟ್ರಾನ್ಸ್‌ಫಾರ್ಮರು. ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ, ಅದರ ಕಾಲನ್ನ ಬೋರ್ಡಿಗೆ ಹಿಡಿದಿಟ್ಟಿರೋ ಸೋಲ್ಡರ್, ಅಂದ್ರೆ ಕರಗಿಸಿ ಹಾಕಿದ ಲೋಹದ ಬೆಸುಗೆ, ಕಾಲಿನ ಸುತ್ತ ಉಂಗುರದ ಥರ ಬಿರುಕು ಬಿಡುತ್ತೆ. ಡ್ರೈ ಸೋಲ್ಡರ್. ತಟ್ಟಿದ್ರೆ ಬಿರುಕಿನ ಎರಡು ಅಂಚು ತಾಗುತ್ತೆ, ಲೈಟ್ ಬರುತ್ತೆ, ಇನ್ನೊಂದು ಸಲ ಬಿಸಿಯಾಗೋ ತನಕ.

ಇದಿಷ್ಟನ್ನೂ ಕೂತ್ಕೊಂಡು ಚಿಕ್ಕಪ್ಪಂಗೆ ಹೇಳಿದೆ. ಪೂರ್ತಿ ಕೇಳಿದ್ರು, ಮಧ್ಯೆ ಒಂದು ಮಾತೂ ಆಡ್ಲಿಲ್ಲ. ಕೊನೇಲಿ, "ಅಂದ್ರೆ ತಟ್ಟಿದ್ರೆ ಉರಿಯುತ್ತೆ ಅಂತಾನೇ ಆಯ್ತಲ್ಲೋ?" ಅಂದ್ರು.

ಇದು ಬರೀ ಲೈಟಿನ ವಿಷಯ ಆಗಿದ್ರೆ ಸುಮ್ನಿರ್ತಿದ್ದೆ. ಅವರು ರಿಮೋಟನ್ನ ಅಂಗೈಗೆ ಬಡೀತಾರೆ, ಗಡಿಯಾರಕ್ಕೆ ಬೆನ್ನು ತಟ್ತಾರೆ, ಮಿಕ್ಸಿಗೆ ಪಕ್ಕೆಗೆ ಕೊಡ್ತಾರೆ, ಮೊನ್ನೆ ನನ್ನ ಲ್ಯಾಪ್‌ಟಾಪ್ ನಿಧಾನ ಆಯ್ತು ಅಂದಾಗ ಕೈ ಮೇಲೆತ್ತಿದ್ದನ್ನ ನಾನೇ ಅಡ್ಡ ಹಾಕಿ ನಿಲ್ಲಿಸಿದ್ದು. ತಟ್ಟಿದ ಮೇಲೆ ತಲೆ ಓರೆ ಮಾಡ್ಕೊಂಡು, ಎದೆಬಡಿತ ಕೇಳೋ ಡಾಕ್ಟರ ಥರ ಒಂದು ಕ್ಷಣ ಕಿವಿ ಕೊಡ್ತಾರೆ ಬೇರೆ. ಏನು ಕೇಳುತ್ತೋ ದೇವ್ರಿಗೇ ಗೊತ್ತು. ನನ್ನ ಹತ್ರ ಮಲ್ಟಿಮೀಟರ್ ಇದೆ, ಸೋಲ್ಡರಿಂಗ್ ಐರನ್ ಇದೆ, ಯಾವನು ಕೇಳ್ತಾನೆ? ಲೈಟ್ ಮಿಣುಕಿದ್ರೆ ಮನೆ ಮಕ್ಕಳೂ "ಅಜ್ಜನ್ನ ಕರೀರಿ" ಅಂತಾವೆ.

ಇವತ್ತು ಬೆಳಿಗ್ಗೆ ಬ್ಯಾಟರಿ ವೈರ್ ಕಳಚಿ ಬಿಚ್ಚೇಬಿಟ್ಟೆ. ಈ ಪಟ್ಟಿಗಳನ್ನ ಮಾಡೋರು ಯಾರೂ ಬಿಚ್ಚಬಾರದು ಅಂತಾನೇ ಮಾಡಿರ್ತಾರೆ, ಮೇಲಿನ ಪ್ಲಾಸ್ಟಿಕ್ಕಿನ ಕೊಕ್ಕೆ ಮುಟ್ಟಿದ್ರೆ ಪಟ್ ಅನ್ನುತ್ತೆ. ನಾನು ಅಂದ್ಕೊಂಡ ಜಾಗದಲ್ಲೇ ಬಿರುಕು. ಬರೀ ಅದೊಂದೇ ಆಗಿದ್ರೆ ಸೋಲ್ಡರ್ ತಾಗ್ಸಿ ಮುಗಿಸ್ತಿದ್ದೆ, ಆದ್ರೆ ಕೆಪಾಸಿಟರ್ ತಲೆ ಉಬ್ಕೊಂಡಿತ್ತು, ಟ್ರಾನ್ಸಿಸ್ಟರ್ ಕೆಳಗೆ ಬೋರ್ಡು ಕಂದು ಬಣ್ಣಕ್ಕೆ ತಿರುಗಿತ್ತು. ಹಂಗಾಗಿ ತಂದಿಟ್ಟಿದ್ದ ಹೊಸ ಚೋಕೇ ಹಾಕಿದೆ. ಅದರ ವೈರ್ ಬಣ್ಣ ಹಳೇದಕ್ಕೆ ತಾಳೆ ಆಗಲ್ಲ, ಜೊತೆಗೆ ಬರೋ ಚಿತ್ರ ಇರುವೆಗೆ ಓದೋಕೆ ಪ್ರಿಂಟ್ ಮಾಡಿದ್ದು. ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಅಗ್ಗದ ಚೋಕು ಅಲ್ಲೇ ಶಿವಾಯ ನಮಃ, ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಡಯೋಡ್ ಒಂದನ್ನ ಅಡ್ಡಕ್ಕೆ ಹಾಕೋಕೆ ಏನು ರೋಗ ಇವರಿಗೆ! ಟ್ಯೂಬ್ ಹಾಕದೇ ಆನ್ ಮಾಡಿದ್ರೂ ಕೆಲವು ಸುಟ್ಟು ಹೋಗುತ್ತೆ. ತುದಿ ಕಪ್ಪಾಗಿ ಸೋತಿರೋ ಹಳೇ ಟ್ಯೂಬು ಹೊಸ ಚೋಕನ್ನ ತಿನ್ನುತ್ತೆ, ಸೋ ಅದನ್ನೂ ಬದಲಾಯಿಸಿದೆ.

ಎಲ್ಇಡಿ ಹಾಕ್ಸು, ಚೋಕ್ ಕಿತ್ತು ಬಿಸಾಕು, ನೇರ 12 ವೋಲ್ಟ್ ಕೊಡು ಅಂತ ಎಲ್ರೂ ಹೇಳ್ತಾರೆ. ಸರಿಯಾದ ಮಾತೇ. ಆದ್ರೂ ಮನಸ್ಸು ಬರಲ್ಲ. ಪರೀಕ್ಷೆ ದಿನಗಳಲ್ಲಿ ಓದಿದ್ದು ಇದೇ ಬೆಳಕಲ್ಲಿ, ಪಟ್ಟಿ ಹೊಡೆದು ವೈರ್ ಎಳೆದಿದ್ದು ಚಿಕ್ಕಪ್ಪ. ಆಗ ಸ್ಕ್ರೂಡ್ರೈವರ್ ಯಾರ ಕೈಗೂ ಕೊಡ್ತಿರ್ಲಿಲ್ಲ. ಈಗ ಕೈ ನಡುಗುತ್ತೆ, ಸ್ಕ್ರೂ ಹಿಡಿಯೋಕಾಗಲ್ಲ, ತಟ್ಟೋಕಾಗುತ್ತೆ.

ಹೊಸ ಚೋಕು ಸ್ವಿಚ್ ಹಾಕಿದ ತಕ್ಷಣ ಉರಿಯಿತು. ಚಿಕ್ಕಪ್ಪ ಬಂದು ನೋಡಿದ್ರು, "ನಿನ್ನೆ ತಟ್ಟಿದ್ದು ಚೆನ್ನಾಗಿ ಕೂತಿದೆ" ಅಂದ್ರು.

ಇನ್ನೊಂದು ತಲೆನೋವು ಬಾಕಿ ಇದೆ. ಲೈಟು ಉರೀತಿರೋವಾಗ ಮೀಟರ್ ಇಟ್ಟು ನೋಡಿದ್ರೆ ಬ್ಯಾಟರಿ ಹತ್ರ 12.4 ವೋಲ್ಟು, ಪಟ್ಟಿ ಹತ್ರ 11.2. ಮಧ್ಯದಲ್ಲಿ ನುಂಗ್ತಿರೋದು ಆ ಕೂದಲೆಳೆ ವೈರು, ವೋಲ್ಟ್ ಕಮ್ಮಿ ಆದ್ರೆ ಟ್ಯೂಬ್ ಹತ್ತೋಕೆ ಒದ್ದಾಡಿ ತುದಿ ಬೇಗ ಕಪ್ಪಾಗುತ್ತೆ. ದಪ್ಪ ವೈರ್ ತಂದಿಟ್ಟಿದೀನಿ. ಆದ್ರೆ ಹಳೇದು ಚಿಕ್ಕಪ್ಪ ಎಳೆದಿದ್ದಲ್ವಾ, ಅವರು ಮಧ್ಯಾಹ್ನ ಮಲಗಿರೋ ಹೊತ್ತು ನೋಡ್ಕೊಂಡು ಬದಲಾಯಿಸ್ಬೇಕು.