ಪೈ ಒಳಗಿನ ಫೆನಿ

ಗೋವಾದಲ್ಲಿ ಮನೆ ಮಾಡಿದ ಕನ್ನಡಿಗರಿಗೆ ನೆಂಟರ ಬರ ಇಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಬಂದರೆ "ಸುಮ್ನೆ, ಮಂಗೇಶಿ ದರ್ಶನಕ್ಕೆ" ಅನ್ನುತ್ತಾರೆ. ಸಂಜೆಯಾಗುತ್ತಲೇ ಗಂಡಸರು ಮಡಗಾಂವ್ ಪೇಟೆಯಲ್ಲಿ ವಾಕಿಂಗ್ ಹೊರಡುತ್ತಾರೆ. ವಾಕಿಂಗ್ ಎಲ್ಲಿಗೆ ಅಂತ ಹೆಂಗಸರು ಕೇಳುವುದಿಲ್ಲ, ಅವರಿಗೆ ಗೊತ್ತು. ಹೀಗೆ ಲೋಟ ಕಂಡರೆ ಮುಖ ತಿರುಗಿಸುವ ಮನೆಮಂದಿಯೇ ಮದ್ಯ ಹಾಕಿದ ಕೆನೆ ಪೈ ಮುಂದಿಟ್ಟರೆ "ಒಂದು ತುಂಡು ನೋಡೋಣ" ಅನ್ನುವುದು ನನಗೆ ಬಹಳ ಇಷ್ಟದ ದೃಶ್ಯ.

ಈ ಪೈ ನಮ್ಮದಲ್ಲ, ಅಮೆರಿಕದವರದು. ಅಲ್ಲಿ ಹೆಸರಾದದ್ದು ಗ್ರಾಸ್‌ಹಾಪರ್ ಪೈ. ಚಾಕೊಲೇಟ್ ಬಿಸ್ಕತ್ತಿನ ತಳ, ಹಾಲಿನಲ್ಲಿ ಕರಗಿಸಿದ, ಸ್ಪಂಜಿನಂಥ ಮಿಠಾಯಿ ಮಾರ್ಷ್‌ಮೆಲ್ಲೊ, ನೊರೆ ಬರುವಂತೆ ಕಡೆದ ಕ್ರೀಮ್. ಅದಕ್ಕೆ ಹಸಿರು ಕ್ರೆಮ್ ಡಿ ಮೆಂಥ್, ಬಿಳಿ ಕ್ರೆಮ್ ಡಿ ಕಕಾವ್. ಒಂದು ಪುದೀನದ ಲಿಕ್ಯೂರ್, ಅಂದರೆ ಸಿಹಿ ಮದ್ಯ, ಇನ್ನೊಂದು ಕೋಕೋದ್ದು. ಅದೇ ಹೆಸರಿನ ಕಾಕ್‌ಟೇಲ್ ಮೊದಲಿನಿಂದ ಇತ್ತು, ಅದನ್ನೇ ತಟ್ಟೆಗೆ ಇಳಿಸಿದರು. ಬ್ರಾಂಡಿ ಅಲೆಕ್ಸಾಂಡರ್ ಅನ್ನುವ ಕಾಕ್‌ಟೇಲ್‌ಗೂ ಇದೇ ಗತಿಯಾಯಿತು.

ಆದರೆ ನಮ್ಮ ನೆಂಟರ ತೊಂದರೆ ಮದ್ಯವಲ್ಲ, ಮಾರ್ಷ್‌ಮೆಲ್ಲೊ! ಅದರಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಗೋವಾದ ಮದ್ಯ ಫೆನಿ ನಡೆಯುತ್ತದೆ, ಮೂಳೆ ನಡೆಯುವುದಿಲ್ಲ. ಇದಕ್ಕೆ ಗೋವಾದಲ್ಲೇ ಉತ್ತರ ಇದೆ. ಪೋರ್ಚುಗೀಸ್ ಮೂಲದ ಸಿಹಿ ಸೆರಾದುರಾ ಗೊತ್ತಲ್ವಾ, ಕಡೆದ ಕ್ರೀಮ್, ಕಂಡೆನ್ಸ್ಡ್ ಮಿಲ್ಕ್, ಪದರ ಪದರವಾಗಿ ಮಾರಿ ಬಿಸ್ಕತ್ತಿನ ಪುಡಿ. ಅದೇ ಕ್ರೀಮು ಕಂಡೆನ್ಸ್ಡ್ ಮಿಲ್ಕನ್ನು ಬೆಣ್ಣೆ ಹಾಕಿ ಒತ್ತಿದ ಬಿಸ್ಕತ್ತಿನ ತಳದ ಮೇಲೆ ಸುರಿದು ಫ್ರೀಜರಿನಲ್ಲಿಟ್ಟರೆ ಜೆಲಟಿನ್ ಬೇಕಿಲ್ಲ. ಕ್ರೀಮ್ ಮಾತ್ರ ಕಡೆಯುವುದಕ್ಕೆಂದೇ ಸಿಗುವ ದಪ್ಪನೆಯದು ಇರಲಿ. ಅಡುಗೆಗೆ ಹಾಕುವ ಶೇ. 25 ಕೊಬ್ಬಿನ ಡಬ್ಬಿಯನ್ನು ಎಷ್ಟು ಕಡೆದರೂ ತೋಳು ನೋಯುವುದೇ ಲಾಭ.

ಇನ್ನು ಫೆನಿ. ಗೇರುಹಣ್ಣಿನ ರಸವನ್ನು ಹುಳಿ ಬರಿಸಿ ಭಟ್ಟಿ ಇಳಿಸುತ್ತಾರೆ. ಮೊದಲು ಇಳಿದದ್ದು ಉರ್ರಾಕ್, ಮತ್ತೆ ಇಳಿಸಿದರೆ ಫೆನಿ. 2009ರಲ್ಲಿ ಗೇರು ಫೆನಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಮರ್ಯಾದೆ ಏನೋ ಬಂತು, ವಾಸನೆ ಹೋಗಲಿಲ್ಲ. ಮುಚ್ಚಳ ತೆಗೆದರೆ ಪಕ್ಕದ ಫ್ಲಾಟಿನವರಿಗೂ ಸುದ್ದಿ. ಪೈಗೆ ನನ್ನ ಓಟು ದಕ್ಷಿಣ ಗೋವಾದ ತೆಂಗಿನ ಫೆನಿಗೆ. ಸೇಂದಿಯಿಂದ ಮಾಡಿದ್ದು, ಘಾಟು ಕಮ್ಮಿ. ಜೊತೆಗೆ ಗಟ್ಟಿ ತೆಂಗಿನಹಾಲು ಸ್ವಲ್ಪ, ಕರಗಿಸಿ ಆರಿಸಿದ ಕಪ್ಪು ಬೆಲ್ಲ ಸ್ವಲ್ಪ ಹಾಕಿದರೆ ಗೋವಾದ ಬೆಲ್ಲ-ತೆಂಗಿನಹಾಲಿನ ಸಿಹಿ ದೋದೋಲಿನ ನೆನಪಾಗುತ್ತದೆ. ರಮ್ಮು ಕಾಫಿ ಜೋಡಿಯೂ ಚೆನ್ನ. ಒಳ್ಳೆ ವಿಸ್ಕಿಯನ್ನು ಕ್ರೀಮಿಗೆ ಹಾಕುವುದು ದಂಡ.

ಎಷ್ಟು ಹಾಕಬೇಕು ಅನ್ನುವಲ್ಲಿ ಪೈ ನಮ್ಮ ಮಾತು ಕೇಳುವುದಿಲ್ಲ. ಶುದ್ಧ ಆಲ್ಕೊಹಾಲ್ ಹೆಪ್ಪುಗಟ್ಟಲು ಮೈನಸ್ 114 ಡಿಗ್ರಿ ಬೇಕು, ಮನೆಯ ಫ್ರೀಜರ್ ಮೈನಸ್ 18ಕ್ಕೆ ಸುಸ್ತಾಗುತ್ತದೆ. ಅದಕ್ಕೇ ಜಾಸ್ತಿ ಸುರಿದಷ್ಟೂ ಪೈ ಗಟ್ಟಿಯಾಗದೆ ಗಂಜಿಯಂತೆ ಹರಿಯುತ್ತದೆ. ಲಿಕ್ಯೂರಿನಲ್ಲಿ ಆಲ್ಕೊಹಾಲ್ ಸಾಮಾನ್ಯವಾಗಿ ಶೇ. 20-25, ಫೆನಿಯಲ್ಲಿ 40ರ ಮೇಲೆ. ಅಡುಗೆ ಪುಸ್ತಕದಲ್ಲಿ ಲಿಕ್ಯೂರ್ ಎಷ್ಟಿದೆಯೋ ಫೆನಿ ಅದರ ಅರ್ಧ ಸಾಕು. ವಾಕಿಂಗಿನಿಂದ ಬಂದ ಭಾವ "ಇನ್ನೊಂದು ಮುಚ್ಚಳ ಹಾಕು" ಅಂದರೆ ನಾನು ವಾದ ಮಾಡುವುದಿಲ್ಲ, ಫ್ರೀಜರ್ ತೋರಿಸುತ್ತೇನೆ.

"ಬೇಯಿಸಿದರೆ ಎಲ್ಲಾ ಹಾರಿಹೋಗುತ್ತದಲ್ಲ" ಅಂತ ಸೋದರತ್ತೆ ಸಮಾಧಾನ ಹೇಳಿಕೊಳ್ಳುತ್ತಾರೆ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಇದಂತೂ ಒಲೆಯ ಮುಖವನ್ನೇ ನೋಡದ್ದು, ಹಾಕಿದ್ದೆಲ್ಲ ಒಳಗೇ ಇದೆ. ಹಾಗಾಗಿ ಮುಂಚೆಯೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಮತ್ತು ಬೆಳಗಾವಿ ದಾರಿಯ ಚೋರ್ಲಾ ಘಾಟ್ ಹತ್ತಿ ಗಾಡಿ ಓಡಿಸುವವರಿಗೆ ಬೇರೆ ತಟ್ಟೆ, ಬರೀ ಸೆರಾದುರಾ. ಸೋದರತ್ತೆ ಎಲ್ಲಾ ಕೇಳಿಸಿಕೊಂಡು, ಮಕ್ಕಳ ತಟ್ಟೆಯನ್ನು ಆ ಕಡೆ ಸರಿಸಿ, ಚಾಕುವನ್ನು ಬಿಸಿನೀರಲ್ಲಿ ಅದ್ದು, ಚೆನ್ನಾಗಿ ಕತ್ತರಿಸುತ್ತದೆ ಅನ್ನುತ್ತಾರೆ.