ರೋಮನ್ ಸೈನಿಕರ ಸಮಾಧಿಗಲ್ಲನ್ನು ಕೆಳಗಿನಿಂದ ಓದಿ

ರೋಮನ್ ಸೈನ್ಯ ಅಂದರೆ ಸಾಕು, ಇಲ್ಲಿ ಸೀಸರ್, ಕೆಂಪು ಮೇಲಂಗಿ, ಬಾಣದ ಗುರುತಿರುವ ಯುದ್ಧದ ನಕ್ಷೆಗಳೇ ಓಡಾಡುತ್ತವೆ. ಆ ಸೈನ್ಯದಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ಸಂಬಳಕ್ಕೆ ದುಡಿದವನ ವಿಷಯ ತಿಳಿಯಬೇಕಾದರೆ ಅವನ ಸಮಾಧಿಗಲ್ಲನ್ನೇ ಓದಬೇಕು. ಅದರಲ್ಲೂ ಕೊನೆಯ ಸಾಲನ್ನು. ಸತ್ತವನ ಹೆಸರು ಮೇಲಿರುತ್ತದೆ, ಕಲ್ಲು ನಿಲ್ಲಿಸಿದವರ ಹೆಸರು ಸಾಮಾನ್ಯವಾಗಿ ಕೆಳಗೆ. ಆ ಕೆಳಗಿನವರನ್ನು ನಾವು ಗಮನಿಸುವುದೇ ಇಲ್ಲ ಅನ್ನುವುದು ನನ್ನ ಬೇಸರ.

ಜರ್ಮನಿಯ ಬಾನ್ ನಗರದ ಮ್ಯೂಸಿಯಂನಲ್ಲಿ ಮಾರ್ಕಸ್ ಕೇಲಿಯಸ್ ಎಂಬ ಸೆಂಚೂರಿಯನ್‌ನ, ಅಂದರೆ ಸೈನಿಕರ ಒಂದು ತುಕಡಿಯ ನಾಯಕನ ಕಲ್ಲಿದೆ. 1620ರಲ್ಲಿ ಕ್ಸಾಂಟೆನ್ ಊರಿನ ಹತ್ತಿರ ಸಿಕ್ಕಿದ್ದು. ಇವನು ಇಟಲಿಯ ಬೊಲೋನಿಯಾದವನು, 18ನೇ ಲೀಜನ್‌ನವನು. ಲೀಜನ್ ಅಂದರೆ ಸಾವಿರಾರು ಸೈನಿಕರ ದೊಡ್ಡ ದಳ. ಕ್ರಿ.ಶ. 9ರಲ್ಲಿ ಸೇನಾಪತಿ ವಾರಸ್‌ನನ್ನು ನಂಬಿ ಜರ್ಮನಿಯ ಕಾಡಿಗೆ ಹೋದ 3 ಲೀಜನ್‌ಗಳು ಅಲ್ಲೇ ನಾಶವಾದವು. ಅದರಲ್ಲಿ ಇವನೂ ಹೋದ. ಕಲ್ಲಿನಲ್ಲಿ ಎದೆಯ ತುಂಬ ಪದಕ, ತಲೆಗೆ ಓಕ್ ಎಲೆಯ ಕಿರೀಟ, ಕೈಯಲ್ಲಿ ಸೆಂಚೂರಿಯನ್‌ನ ದ್ರಾಕ್ಷಿಬಳ್ಳಿಯ ಕೋಲು. ವಯಸ್ಸು ಐವತ್ತಮೂರೂವರೆ. ಈ 'ಅರೆ' ನನಗೆ ತುಂಬ ಹಿಡಿಸಿತು. ರೋಮನ್ ಸಮಾಧಿಗಲ್ಲುಗಳಲ್ಲಿ ವಯಸ್ಸು ಜಾಸ್ತಿ 30, 35, 40 ಅಂತ ಐದರ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಎಷ್ಟೋ ಜನರಿಗೆ ತಮ್ಮ ವಯಸ್ಸು ಸರಿಯಾಗಿ ಗೊತ್ತಿರಲಿಲ್ಲ. ಕೇಲಿಯಸ್‌ನ ಅರ್ಧ ವರ್ಷವನ್ನೂ ಲೆಕ್ಕ ಇಟ್ಟವರು ಒಬ್ಬರಿದ್ದರು. ಕೆಳಗೆ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ: ಸಹೋದರ ಪಬ್ಲಿಯಸ್ ಕೇಲಿಯಸ್. ಅವನಿಗೆ ಹೂಳಲು ದೇಹ ಸಿಕ್ಕಿರಲಿಲ್ಲ. ಅದಕ್ಕೇ ಮೂಳೆಗಳನ್ನು ಇಲ್ಲಿ ತಂದಿಡಬಹುದು ಎಂಬ ಮಾತನ್ನೂ ಕೆತ್ತಿಸಿದ್ದಾನೆ.

ಅದೇ ಕಲ್ಲಿನಲ್ಲಿ ಕೇಲಿಯಸ್‌ನ ಎಡಬಲಕ್ಕೆ ಇನ್ನೆರಡು ಚಿಕ್ಕ ಮುಖಗಳಿವೆ. ಪ್ರಿವಾಟಸ್ ಮತ್ತು ಥಿಯಾಮಿನಸ್. ಇಬ್ಬರೂ ಅವನ ಗುಲಾಮರಾಗಿದ್ದು ಬಿಡುಗಡೆ ಹೊಂದಿದವರು. ಕೇಲಿಯಸ್‌ನ ಫೋಟೋ ಹಾಕುವವರು ಎಷ್ಟೋ ಸಲ ಈ ಎರಡು ಮುಖಗಳನ್ನು ಕತ್ತರಿಸಿಯೇ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆತ್ತಿಸಿದವನೇ ಅವರಿಗೆ ಜಾಗ ಕೊಟ್ಟಿದ್ದಾನೆ.

ಇಂಗ್ಲೆಂಡಿನ ಚೆಸ್ಟರ್‌ನಲ್ಲಿ ಇನ್ನೊಂದು ಕಲ್ಲಿದೆ. ಮೇಲ್ಭಾಗ ಒಡೆದು ಹೋಗಿರುವುದರಿಂದ ಸೈನಿಕನ ಹೆಸರು ಉಳಿದಿಲ್ಲ. ಉಳಿದದ್ದು ಇಷ್ಟು: ಅವನು ಆಪ್ಟಿಯೊ, ಅಂದರೆ ಸೆಂಚೂರಿಯನ್‌ನ ಕೈಕೆಳಗಿನ ಅಧಿಕಾರಿ. ಸೆಂಚೂರಿಯನ್ ಹುದ್ದೆಗೆ ಬಡ್ತಿ ಕಾಯುತ್ತಿದ್ದ. ಹಡಗು ಮುಳುಗಿ ಸತ್ತ. ಸಾಮಾನ್ಯವಾಗಿ ಇಂಥ ಕಲ್ಲುಗಳ ಕೊನೆಗೆ H S E ಎಂಬ ಮೂರು ಅಕ್ಷರ ಇರುತ್ತವೆ. 'ಇಲ್ಲಿ ಮಲಗಿದ್ದಾನೆ' ಅಂತ ಅರ್ಥ. ಈ ಕಲ್ಲಿನಲ್ಲಿ S E ಇದೆ, 'ಇಲ್ಲಿ' ಎನ್ನುವ H ಇಲ್ಲ. ಅದರ ಜಾಗ ಮಾತ್ರ ಖಾಲಿ ಬಿಟ್ಟಿದೆ. ಸಮುದ್ರ ದೇಹವನ್ನು ಹಿಂದಕ್ಕೆ ಕೊಟ್ಟರೆ ಆಮೇಲೆ ಕೆತ್ತೋಣ ಅಂತ ಬಿಟ್ಟಿರಬೇಕು ಎನ್ನುತ್ತಾರೆ ವಿದ್ವಾಂಸರು. ಆ ಅಕ್ಷರವನ್ನು ಯಾರೂ ಕೆತ್ತಲಿಲ್ಲ. ಒಂದು ಸಾಮ್ರಾಜ್ಯದ ಬಗ್ಗೆ ಸಾವಿರ ಪುಟ ಓದಿದರೂ ಇಷ್ಟು ಹತ್ತಿರದಿಂದ ಒಬ್ಬ ಮನುಷ್ಯ ಕಾಣುವುದಿಲ್ಲ.

ಖರ್ಚು ಯಾರದು? ಕೆಲವರು ಉಯಿಲಿನಲ್ಲೇ ಬರೆದಿಡುತ್ತಿದ್ದರು, ವಾರಸುದಾರರು ಮಾಡಿಸುತ್ತಿದ್ದರು. ಸೈನಿಕರ ಹಣದಲ್ಲೇ ಒಂದು ಪಾಲು ಅಂತ್ಯಸಂಸ್ಕಾರಕ್ಕೆಂದು ಬೇರೆ ಚೀಲದಲ್ಲಿ ಇಡುತ್ತಿದ್ದರು ಎಂದು ರೋಮನ್ ಸೈನ್ಯದ ಬಗ್ಗೆ ಪುಸ್ತಕ ಬರೆದ ವೆಜಿಟಿಯಸ್ ಹೇಳಿದ್ದಾನೆ. ಬಾತ್ ನಗರದಲ್ಲಿ ಸಿಕ್ಕ ಕಲ್ಲಿನ ಜೂಲಿಯಸ್ ವಿಟಾಲಿಸ್ 20ನೇ ಲೀಜನ್‌ನ ಆಯುಧ ತಯಾರಕ. 9 ವರ್ಷ ಸೇವೆ ಮಾಡಿ 29ಕ್ಕೆ ಸತ್ತ. ಅವನನ್ನು ಮಣ್ಣು ಮಾಡಿದ್ದು ಜೊತೆಗೆ ಕೆಲಸ ಮಾಡುತ್ತಿದ್ದವರ ಸಂಘ.

ಇನ್ನು ಹೆಂಡತಿಯರ ಮಾತು. ಕಾನೂನಿನ ಪ್ರಕಾರ ಸೇವೆಯಲ್ಲಿದ್ದ ಸೈನಿಕ ಮದುವೆಯಾಗುವ ಹಾಗಿರಲಿಲ್ಲ. ಕ್ರಿ.ಶ. 197ರ ಹೊತ್ತಿಗೆ ಸೆಪ್ಟಿಮಿಯಸ್ ಸೆವೆರಸ್ ಈ ನಿರ್ಬಂಧ ತೆಗೆದ ಎನ್ನುತ್ತಾರೆ. ಆದರೆ ಅದಕ್ಕೂ ಎಷ್ಟೋ ಮೊದಲಿನ ಕಲ್ಲುಗಳಲ್ಲೇ ಹೆಂಡತಿ ಅಂತ ರಾಜಾರೋಷವಾಗಿ ಕೆತ್ತಿದೆ, ಮಕ್ಕಳ ಹೆಸರೂ ಇದೆ. ಸರ್ಕಾರ ಇಲ್ಲ ಅಂದ ಸಂಸಾರವನ್ನು ಇವರು ಕಲ್ಲಿನ ಮೇಲೆ ಇದೆ ಅಂದರು. ಯಾವುದು ನಿಜ ಅಂತ ಕೇಳಿದರೆ ನಾನು ಕಲ್ಲಿನ ಕಡೆಗೇ ನಿಲ್ಲುತ್ತೇನೆ.

ವೇಲ್ಸ್‌ನ ಕರ್ಲಿಯನ್ ಕೋಟೆಯ ಹತ್ತಿರ ಸಿಕ್ಕ ಕಲ್ಲಿನಲ್ಲಿ ಟಾಡಿಯಾ ಎಕ್ಸುಪೆರಾಟಾ ಎಂಬ ಮಗಳು 65 ವರ್ಷದ ತಾಯಿಗೂ 37 ವರ್ಷದ ಸಹೋದರನಿಗೂ ಒಟ್ಟಿಗೆ ಸ್ಮಾರಕ ಮಾಡಿಸಿದ್ದಾಳೆ. ಅವನು ಜರ್ಮನಿಯ ದಂಡಯಾತ್ರೆಯಲ್ಲಿ ತೀರಿಕೊಂಡ. ತಂದೆಯ ಸಮಾಧಿಯ ಪಕ್ಕದಲ್ಲೇ ಇದನ್ನು ನಿಲ್ಲಿಸಿದೆ ಎಂದೂ ಬರೆಸಿದ್ದಾಳೆ. ಮೂವರನ್ನೂ ಕಳೆದುಕೊಂಡು ಉಳಿದವಳು ಒಬ್ಬಳೇ ಮಗಳೋ ಏನೋ. ಆ ಯುದ್ಧ ಗೆದ್ದರೋ ಸೋತರೋ ಎಂಬ ಮಾತೇ ಕಲ್ಲಿನಲ್ಲಿ ಇಲ್ಲ.

ಹಾಗಂತ ಈ ಕಲ್ಲುಗಳನ್ನು ಸುಮ್ನೆ ಭಾವುಕರಾಗಿ ನೋಡಿ ಮುಗಿಸುವುದೂ ಸರಿಯಲ್ಲ. ಲ್ಯಾಂಕಾಸ್ಟರ್‌ನಲ್ಲಿ 2005ರಲ್ಲಿ ಸಿಕ್ಕ ಕಲ್ಲು ನೋಡಿ. ಕುದುರೆ ಸವಾರ ಇನ್ಸಸ್, ವೊಡುಲ್ಲಸ್‌ನ ಮಗ, ಈಗಿನ ಜರ್ಮನಿಯ ಟ್ರಿಯರ್ ಕಡೆಯ ಟ್ರೆವೆರಿ ಬುಡಕಟ್ಟಿನವನು. ಅವನ ಕೈಯಲ್ಲಿ ಕತ್ತರಿಸಿದ ತಲೆ. ಕುದುರೆಯ ಕಾಲ ಕೆಳಗೆ ಆ ತಲೆ ಕಳೆದುಕೊಂಡ ದೇಹ. ಸವಾರನ ತಂದೆಯ ಹೆಸರಿದೆ, ತುಕಡಿಯ ಹೆಸರಿದೆ, ಕಲ್ಲು ಮಾಡಿಸಿದ ವಾರಸುದಾರಳು ಡೊಮಿಟಿಯಾಳ ಹೆಸರೂ ಇದೆ. ಕೆಳಗೆ ಬಿದ್ದವನಿಗೆ ಹೆಸರಿಲ್ಲ. ಇಂಥ ಸವಾರರ ಕಲ್ಲುಗಳು ಬ್ರಿಟನ್, ಜರ್ಮನಿಯಲ್ಲಿ ಹಲವು ಇವೆ, ಎಲ್ಲದರಲ್ಲೂ ಕೆಳಗಿನವನು ಅನಾಮಿಕನೇ. ಸ್ವತಃ ಇನ್ಸಸ್‌ನ ಬುಡಕಟ್ಟೇ ಒಂದು ಕಾಲಕ್ಕೆ ರೋಮಿಗೆ ಸೋತಿತ್ತು. ಸೋತವರ ಮೊಮ್ಮಕ್ಕಳು ಬೇರೆ ಊರಿನವರನ್ನು ಸೋಲಿಸಲು ಹೋದರು. ಸಾಮ್ರಾಜ್ಯ ನಡೆಯುತ್ತಿದ್ದದ್ದೇ ಹೀಗೆ, ಮತ್ತು ಅದನ್ನು ಈ ಒಂದು ಕಲ್ಲು ಯಾವ ಮುಚ್ಚುಮರೆ ಇಲ್ಲದೆ ತೋರಿಸುತ್ತದೆ. ಇನ್ನೊಂದು ಮಾತು, ಕಲ್ಲು ಕೆತ್ತಿಸಲು ದುಡ್ಡಿಲ್ಲದವರು, ಮಾಡಿಸುವವರೇ ಇಲ್ಲದವರು ಈ ಲೆಕ್ಕಕ್ಕೇ ಬಂದಿಲ್ಲ.

ಬ್ರಿಟನ್‌ನ ರೋಮನ್ ಶಾಸನಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. 'ರೋಮನ್ ಇನ್‌ಸ್ಕ್ರಿಪ್ಶನ್ಸ್ ಆಫ್ ಬ್ರಿಟನ್' ಅಂತ ಹುಡುಕಿ. ಚೆಸ್ಟರ್‌ನ ಆಪ್ಟಿಯೊ 544ನೇ ನಂಬರ್, ಟಾಡಿಯಾ 369, ವಿಟಾಲಿಸ್ 156. ಲ್ಯಾಟಿನ್ ಬರದಿದ್ದರೂ ತೊಂದರೆ ಇಲ್ಲ, ಪಕ್ಕದಲ್ಲೇ ಇಂಗ್ಲಿಷ್ ಇದೆ. ಓದಿದವರು ನಿಮ್ಮನ್ನು ತಡೆದು ನಿಲ್ಲಿಸಿದ ಕಲ್ಲಿನ ನಂಬರ್ ಕಾಮೆಂಟ್‌ನಲ್ಲಿ ಹಾಕಿ, ನಾನೂ ಓದುತ್ತೇನೆ.